ಅಧ್ಯಕ್ಷಪೀಠದಲ್ಲಿ ವಿಠ್ಠಲಭಾಯಿ ಪಟೇಲರು

ಮುಂಬಯಿಯ ಗಿರಗಾಂವ ಭಾಗದಲ್ಲಿ ವಿಠ್ಠಲಭಾಯಿ ಪಟೇಲರ ಹೆಸರಿನ ರಸ್ತೆಯೊಂದುಂಟು. ಚೌಪಾಟಿಯ ಕಡಲತಡಿಯಲ್ಲಿ ಅವರ ಪ್ರತಿಮೆ ನಿಂತಿದೆ. ದಿಲ್ಲಿಯ ರಫಿ ಮಾರ್ಗದಲ್ಲಿಯೂ ಅವರ ಹೆಸರಿನ ಭವನವಿದೆ. ಈ ನಗರಗಳಲ್ಲಿ ನೆಲೆಸಿರುವ ನಾವು ಆ ಹೆಸರನ್ನು ನಿತ್ಯವೂ ಕೇಳುತ್ತೇವೆ. ಆದರೆ ಸರದಾರ ವಲ್ಲಭಭಾಯಿಯವರ ಅಣ್ಣನೆಂದಷ್ಟೇ ಅವರನ್ನು ಗುರುತಿಸಿ ಸುಮ್ಮನಾಗುತ್ತೇವೆ. ದಂಡಶಾಸನಗಳ ತಿದ್ದುಪಡಿಯ ಪ್ರಶ್ನೆ ಎದ್ದಾಗಲೆಲ್ಲ ನಾವು ನೆನೆಯಬೇಕಾದ ಬಾಳು ಅವರದು.

ವಿಠ್ಠಲಭಾಯಿಯವರು 1873ರಲ್ಲಿ ಗುಜರಾತಿನ ಕರಮಸದದ ರೈತ ಮನೆತನದಲ್ಲಿ ಹುಟ್ಟಿದರು. ತಮ್ಮಂದಿರಾದ ವಲ್ಲಭಭಾಯಿಯವರು ವಿಲಾಯತಿಗೆ ಹೋಗಲೆಂದು ಹಣ ಕೂಡಿಸಿ ತರಿಸಿದ ಕಾಗದಪತ್ರಗಳು, ಇಬ್ಬರ ಹೆಸರಿನ ಮೊದಲ ಅಕ್ಷರಗಳೂ ಒಂದೇ ಆಗಿದ್ದುದರಿಂದ, ಅಣ್ಣನ ಕೈಸೇರಿದವು. ಹಿರಿಯನಾದ ತಾನು ಮೊದಲು ಹೋಗುವುದು ನ್ಯಾಯವೆಂದರು ವಿಠ್ಠಲಭಾಯಿ, ತಮ್ಮನು ಒಪ್ಪಿಕೊಂಡನು. 1905ರಲ್ಲಿ ಹೊರಟ ಅಣ್ಣ ಬ್ಯಾರಿಸ್ಟರರಾಗಿ ಮರಳಿ ಬಂದು ಮುಂಬಯಿಯಲ್ಲಿ ವಕೀಲಿ ನಡೆಸಿದರು.

ವಕೀಲಿಗಿಂತಲೂ ಸಾರ್ವಜನಿಕ ಜೀವನವೇ ಅವರನ್ನು ಸೆಳೆಯಿತು. ಪ್ರಾಂತದ ಶಾಸನಸಭೆಯಲ್ಲಿ ಅವರು ತಂದ ಮಸೂದೆಯೇ ಮುಂಬಯಿ ಪ್ರಾಂತದ 1918ರ ಪ್ರಾಥಮಿಕ ಶಿಕ್ಷಣ ಶಾಸನವಾಯಿತು. ನಗರಸಭೆಗಳು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ಅದು ಅವಕಾಶ ಕೊಟ್ಟಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಇದೇ ಪ್ರಾಂತಕ್ಕೆ ಸೇರಿದ್ದುದರಿಂದ ನಮ್ಮ ನಾಡಿನ ಊರುಗಳಿಗೂ ಆ ಶಾಸನ ಸಂಬಂಧಿಸಿದ್ದಾಗಿತ್ತು.

ಕೇಂದ್ರದ ಶಾಸನಸಭೆಗೆ ಹೋದ ವಿಠ್ಠಲಭಾಯಿಯವರು 1919ರಲ್ಲಿ ರೌಲಟ್ ಮಸೂದೆಗಳನ್ನು ಎದುರಿಸಬೇಕಾಯಿತು. ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡಲು, ಜ್ಯೂರಿಯಿಲ್ಲದೆ ವಿಚಾರಣೆ ನಡೆಸಿ ಶಿಕ್ಷಿಸಲು ಸರಕಾರ ಕೇಳಿದ ಅಧಿಕಾರಗಳು ಅವು. ಚುನಾಯಿತ ಭಾರತೀಯ ಸದಸ್ಯರೊಡನೆ ಪಟೇಲರೂ ವಿರೋಧಿಸಿದರು. ಆದರೆ ಸರಕಾರೀ ಸದಸ್ಯರ ಸಂಖ್ಯಾಬಲದ ಮುಂದೆ ಅವರ ವಾದಗಳು ನಿಲ್ಲಲಿಲ್ಲ. ಮಾರ್ಚಿಯಲ್ಲಿ ಮುಖ್ಯ ಮಸೂದೆ ಅಂಗೀಕೃತವಾಯಿತು. ಮುಂದಿನ ತಿಂಗಳು ಜಲಿಯನ್‌ವಾಲಾ ಬಾಗಿನಲ್ಲಿ ರಕ್ತ ಹರಿಯಿತು.

1925ರ ಆಗಸ್ಟಿನಲ್ಲಿ ಸ್ವರಾಜ್ಯ ಪಕ್ಷದ ವಿಠ್ಠಲಭಾಯಿ ಕೇಂದ್ರ ಶಾಸನಸಭೆಯ ಅಧ್ಯಕ್ಷರಾಗಿ ಚುನಾಯಿತರಾದರು. ಪಡೆದ ಮತಗಳು 58, ಎದುರಾಳಿಗೆ ಬಿದ್ದವು 56. ಅವರಿಗಿಂತ ಮುಂಚಿನ ಅಧ್ಯಕ್ಷ ಸರ್ ಫ್ರೆಡರಿಕ್ ವೈಟರು ಸರಕಾರದಿಂದ ನೇಮಕಗೊಂಡವರು. ಸಭೆಯೇ ಆರಿಸಿದ ಮೊದಲ ಅಧ್ಯಕ್ಷರು ಪಟೇಲರು. ಪೀಠವೇರಿದೊಡನೆ ಅವರು ಪಕ್ಷದ ನಂಟನ್ನು ಕಡಿದುಕೊಂಡರು. ಸಂಬಳದ ದೊಡ್ಡ ಪಾಲನ್ನು ರಾಷ್ಟ್ರಕಾರ್ಯಕ್ಕೆಂದು ಗಾಂಧೀಜಿಯವರಿಗೆ ಕಳಿಸುತ್ತಿದ್ದರು. 1927ರಲ್ಲಿ ಅವರು ಅವಿರೋಧವಾಗಿ ಮತ್ತೆ ಆಯ್ಕೆಯಾದುದು ಅವರ ನಿಷ್ಪಕ್ಷಪಾತಕ್ಕೆ ಸಂದ ಮನ್ನಣೆ.

ನಿಜವಾದ ಪರೀಕ್ಷೆ 1928ರಲ್ಲಿ ಬಂದಿತು. ಸಾರ್ವಜನಿಕ ಭದ್ರತಾ ಮಸೂದೆಯನ್ನು ಸರಕಾರ ಸಭೆಯ ಮುಂದಿಟ್ಟಿತು. ಕಮ್ಯೂನಿಸ್ಟ್ ಪ್ರಚಾರ ಮಾಡುವ ಹೊರನಾಡಿನವರನ್ನು ನ್ಯಾಯಾಲಯದ ವಿಚಾರಣೆಯಿಲ್ಲದೆ ದೇಶದಿಂದ ಹೊರಗಟ್ಟುವುದು ಅದರ ಉದ್ದೇಶ. ಸೆಪ್ಟೆಂಬರಿನಲ್ಲಿ ಸಿಮ್ಲಾದಲ್ಲಿ ಮತ ಎಣಿಸಿದಾಗ ಪರವಾಗಿ 61, ವಿರುದ್ಧವಾಗಿ 61. ನಿರ್ಣಾಯಕ ಮತ ಅಧ್ಯಕ್ಷರದು. ಇಂಥ ಅಸಾಧಾರಣ ಅಧಿಕಾರವನ್ನು ಬೇಡುವವರು ಸಭೆಯನ್ನು ಒಪ್ಪಿಸಿ ಬಹುಮತ ಗಳಿಸಬೇಕು, ಅಧ್ಯಕ್ಷನ ಒಂದು ಮತದ ಮೇಲೆ ಅದನ್ನು ಪಡೆಯಲಾಗದು ಎಂಬುದು ಅವರ ನಿಲುವು. ಅವರು ವಿರುದ್ಧವಾಗಿ ಮತವಿತ್ತರು, ಮಸೂದೆ ಬಿದ್ದಿತು.

ಸರಕಾರ ಅದನ್ನು ಮರುವರ್ಷ ಮತ್ತೆ ತಂದಿತು. ಅಷ್ಟರಲ್ಲಿ ಮೀರತ್ ಪಿತೂರಿ ಖಟ್ಲೆ ಹೂಡಲಾಗಿತ್ತು. ಖಟ್ಲೆಯ ವಿಷಯವೂ ಮಸೂದೆಯ ಆಧಾರವೂ ಒಂದೇ ಆಗಿರುವುದರಿಂದ, ನ್ಯಾಯಾಲಯದ ಮುಂದಿರುವ ಸಂಗತಿಯನ್ನು ಮುಟ್ಟದೆ ಚರ್ಚಿಸುವುದು ಅಸಾಧ್ಯವೆಂದು ಅಧ್ಯಕ್ಷರಿಗೆ ತೋರಿತು. ಮಸೂದೆಯನ್ನು ಮುಂದೂಡಿರಿ, ಇಲ್ಲವೇ ಖಟ್ಲೆಯನ್ನು ಹಿಂತೆಗೆದುಕೊಳ್ಳಿರಿ ಎಂದು ಅವರು ಸೂಚಿಸಿದರೂ ಸರಕಾರ ಕಿವಿಗೊಡಲಿಲ್ಲ. 1929ರ ಏಪ್ರಿಲ್ 8ರಂದು ತಮ್ಮ ತೀರ್ಪನ್ನು ಹೇಳಲು ಅವರು ಎದ್ದ ವೇಳೆಗೇ ಭಗತ್‌ಸಿಂಗ್ ಮತ್ತು ಬಟುಕೇಶ್ವರ ದತ್ತರು ಪ್ರೇಕ್ಷಕರ ಗ್ಯಾಲರಿಯಿಂದ ಬಾಂಬುಗಳನ್ನು ಎಸೆದರು. ಅಂಥ ಗಳಿಗೆಯಲ್ಲಿ ಸರಕಾರದತ್ತ ವಾಲಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಮೂರು ದಿನಗಳ ಮೇಲೆ, ಏಪ್ರಿಲ್ 11ರಂದು, ಮಸೂದೆಯ ಚರ್ಚೆ ನಿಯಮಬಾಹಿರವೆಂದೇ ಅವರು ತೀರ್ಪಿತ್ತರು. ವೈಸರಾಯ್ ಇರ್ವಿನ್ನರು ಅದೇ ಅಧಿಕಾರವನ್ನು ಸುಗ್ರೀವಾಜ್ಞೆಯ ಮೂಲಕ ಪಡೆದುಕೊಂಡರು. ಇಂಥ ತಡೆ ಮುಂದೆ ಬಾರದಂತೆ ಸಭೆಯ ನಿಯಮವನ್ನೂ ಸರಕಾರ ತಿದ್ದಿತು.

ಅದೇ ಸೆಪ್ಟೆಂಬರಿನಲ್ಲಿ ದಂಡಪ್ರಕ್ರಿಯಾ ಸಂಹಿತೆಯ ತಿದ್ದುಪಡಿ ಬಂದಿತು. ಉಪವಾಸ ಹೂಡಿದ ಲಾಹೋರಿನ ಆಪಾದಿತರನ್ನು ಅವರ ಗೈರುಹಾಜರಿಯಲ್ಲಿಯೇ ವಿಚಾರಿಸುವ ಹಂಚಿಕೆ ಅದು. ಚರ್ಚೆ ನಡೆದಿರುವಾಗಲೇ, 63 ದಿನಗಳ ಉಪವಾಸದ ತರುವಾಯ, ಜತೀಂದ್ರನಾಥ ದಾಸರು ಸೆರೆಮನೆಯಲ್ಲಿ ಪ್ರಾಣಬಿಟ್ಟರು. ಪೀಠದಲ್ಲಿ ಕುಳಿತ ಪಟೇಲರಿಗೆ ಚರ್ಚೆಯಲ್ಲಿ ಭಾಗವಹಿಸುವ ಹಕ್ಕಿರಲಿಲ್ಲ; ಸದಸ್ಯರು ಮನಬಿಚ್ಚಿ ಮಾತನಾಡಿದರು. ಸರಕಾರ ಮಸೂದೆಯನ್ನು ಜನಾಭಿಪ್ರಾಯಕ್ಕೆ ಕಳಿಸಲು ಒಪ್ಪಬೇಕಾಯಿತು. 1930ರ ಮೇ ತಿಂಗಳಲ್ಲಿ ಅದು ಮತ್ತೆ ಸುಗ್ರೀವಾಜ್ಞೆಯ ಮೊರೆಹೊಕ್ಕಿತು.

ಅದಕ್ಕೆ ಮೊದಲೇ, ಏಪ್ರಿಲಿನಲ್ಲಿ, ವಿಠ್ಠಲಭಾಯಿ ಪೀಠವನ್ನು ತ್ಯಜಿಸಿ ಸತ್ಯಾಗ್ರಹ ಸೇರಿದ್ದರು. ಸೆರೆವಾಸದಲ್ಲಿ ದೇಹ ಕುಗ್ಗಿತು. ಚಿಕಿತ್ಸೆಗೆಂದು ಯುರೋಪಿಗೆ ಹೋದವರು 1933ರ ಅಕ್ಟೋಬರ್ 22ರಂದು ಜಿನೀವಾದ ಬಳಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಸುಭಾಷಚಂದ್ರ ಬೋಸರು ಬಳಿಯಲ್ಲಿದ್ದು ಶುಶ್ರೂಷೆ ಮಾಡಿದರು. ಮುಂಬಯಿಗೆ ತಂದ ಪಾರ್ಥಿವ ಶರೀರವನ್ನು ಸೋನಾಪುರದಲ್ಲಿ ದಹಿಸಲಾಯಿತು.

ಇಂದು ಶಾಸನ ಮಾಡುವವರು ನಮ್ಮವರೇ. ಆಯುಧ ಶಾಸನವನ್ನು 2019ರಲ್ಲಿ ತಿದ್ದಲಾಯಿತು. ದಂಡಸಂಹಿತೆ, ದಂಡಪ್ರಕ್ರಿಯಾ ಸಂಹಿತೆಗಳ ಸ್ಥಾನದಲ್ಲಿ 2023ರಲ್ಲಿ ಅಂಗೀಕೃತವಾದ ಸಂಹಿತೆಗಳು 2024ರ ಜುಲೈ 1ರಿಂದ ಜಾರಿಗೆ ಬಂದಿವೆ. ಪರಕೀಯ ಸರಕಾರದ ಕಾಲಕ್ಕೂ ಈ ಕಾಲಕ್ಕೂ ಅಂತರ ಬಹಳವಿದೆಯೆಂಬುದನ್ನು ನಾವು ಬಲ್ಲೆವು. ಆದರೂ ಪ್ರಜೆಯನ್ನು ಬಂಧಿಸುವ, ಶಿಕ್ಷಿಸುವ ಅಧಿಕಾರ ಬೇಡುವವರು ಯಾರೇ ಆಗಿರಲಿ, ಅದರ ಅಗತ್ಯವನ್ನು ಸಭೆಯ ಮುಂದೆ ತೋರಿಸಿಕೊಡಬೇಕು. ವಿರೋಧಿಸುವವನ ಮಾತಿಗೂ ಪೀಠದ ರಕ್ಷಣೆ ದೊರೆಯಬೇಕು. ವಿಠ್ಠಲಭಾಯಿ ಹಾಕಿಕೊಟ್ಟ ಈ ಪರಿಪಾಠವನ್ನು ನಮ್ಮ ಶಾಸನಸಭೆಗಳ ಅಧ್ಯಕ್ಷರು ಕೈಬಿಡಬಾರದೆಂದು ನಾವು ಬಯಸುತ್ತೇವೆ.