ನಾಗಪುರದ ಬ್ಯಾರಿಸ್ಟರ್, ನಮ್ಮ ಕಾಕುವಿನ ಗೌನು

ಹೋದ ಡಿಸೆಂಬರಿನಲ್ಲಿ ಧಾರವಾಡದಿಂದ ನಮ್ಮ ಕಾಕು ಬಂದಿದ್ದರು. ಇಪ್ಪತ್ತಾರು ವರ್ಷ ವಕೀಲಿ ಮಾಡಿದವರು. ದೀಕ್ಷಾಭೂಮಿ, ಫುಟಾಳಾ ಕೆರೆ ಎಲ್ಲ ತೋರಿಸಿದೆ. ಅವರ ಕಾಲು ನಿಂತದ್ದು ಮಾತ್ರ ಸಿವಿಲ್ ಲೈನ್ಸ್‌ನ ಹೈಕೋರ್ಟ್ ಕಟ್ಟಡದ ಮುಂದೆ. ಅಲ್ಲಿಯೇ ಕೇಳಿದೆ, ನೀವ್ಯಾಕೆ ಇನ್ನೂ ಸೀನಿಯರ್ ಅಡ್ವೊಕೇಟ್ ಆಗಿಲ್ಲ ಅಂತ. ನನ್ನನ್ನು ದೊಡ್ಡವಳು ಅನ್ನಿ ಅಂತ ನಾನೇ ಹೇಗೆ ಅರ್ಜಿ ಹಾಕಲಿ ಎಂದು ನಕ್ಕುಬಿಟ್ಟರು.

ಆ ನಗು ನನಗೆ ಸರಿಬರಲಿಲ್ಲ. ಎಂ.ಟೆಕ್. ಬುದ್ಧಿ, ಮೊದಲು ನಿಯಮ ಓದಬೇಕು. ಓದುತ್ತಾ ಓದುತ್ತಾ ಸಿಕ್ಕವರು ಇದೇ ಊರಿನಲ್ಲಿ ವಕೀಲಿ ಮಾಡಿದ ಡಾ. ಹರಿಸಿಂಗ್ ಗೌರ್.

ಗೌರ್ ಹುಟ್ಟಿದ್ದು 1870ರಲ್ಲಿ, ಸಾಗರದಲ್ಲಿ. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ಅಲ್ಲ, ಮಧ್ಯಪ್ರದೇಶದ್ದು. ಬಡತನದ ಮನೆ. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಓದಿ, ಕೇಂಬ್ರಿಡ್ಜ್‌ಗೆ ಹೋಗಿ, ಬ್ಯಾರಿಸ್ಟರ್ ಆಗಿ ಬಂದರು. ಸ್ವಲ್ಪ ದಿನ ಸರ್ಕಾರಿ ನೌಕರಿ ಮಾಡಿದರು, ಒಗ್ಗಲಿಲ್ಲ, ಬಿಟ್ಟರು.

ಆಗಿನ ಕೋರ್ಟಿನಲ್ಲಿ ಮೇಲು-ಕೀಳು ಎಷ್ಟೊಂದು! ಮುಖ್ತಾರ, ಪ್ಲೀಡರ್, ವಕೀಲ, ಎಲ್ಲರ ಮೇಲೆ ಬ್ಯಾರಿಸ್ಟರ್. ಆ ಮೇಲಿನ ಮೆಟ್ಟಿಲಿಗೆ ಲಂಡನ್‌ಗೆ ಹಡಗು ಹತ್ತಲೇಬೇಕು. ಹಣವಿದ್ದವರ ಮೆಟ್ಟಿಲು ಅದು. ಗೌರ್ ಅದನ್ನು ಹತ್ತಿ ನಿಂತವರು. ಆಸ್ತಿ ವರ್ಗಾವಣೆ, ದಂಡಸಂಹಿತೆ, ಹಿಂದೂ ಕಾನೂನು ಇವುಗಳ ಮೇಲೆ ಅವರು ಬರೆದ ದಪ್ಪ ದಪ್ಪ ಪುಸ್ತಕಗಳು ವಕೀಲರ ಮೇಜಿನ ಮೇಲೆ ಬಹುಕಾಲ ಇದ್ದವು. ನಾಗಪುರ ಪುರಸಭೆಯ ಅಧ್ಯಕ್ಷರೂ ಆದರು.

ಹೆಂಗಸರಿಗೋ, ಕೆಳಗಿನ ಮೆಟ್ಟಿಲೂ ಇರಲಿಲ್ಲ. 1916ರಲ್ಲಿ ಕಲ್ಕತ್ತೆಯ ರೆಜಿನಾ ಗುಹಾ ವಕೀಲಿಗೆ ಅರ್ಜಿ ಹಾಕಿದರೆ, ಕಾನೂನಿನಲ್ಲಿರುವ ವ್ಯಕ್ತಿ ಎಂಬ ಪದದಲ್ಲಿ ಹೆಣ್ಣು ಸೇರುವುದಿಲ್ಲ ಎಂದಿತು ಹೈಕೋರ್ಟ್. ಈ ಸಾಲು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ ಟೀ ಮಾಡಲು ಎದ್ದೆ. ಬಳಿಕ ಪಾಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಇದೇ ಗತಿ. 1921ರಲ್ಲಿ ಅಲಹಾಬಾದ್ ಹೈಕೋರ್ಟ್ ಮಾತ್ರ ಕಾರ್ನೆಲಿಯಾ ಸೊರಾಬ್ಜಿಯವರನ್ನು ಸೇರಿಸಿಕೊಂಡಿತು. ಅಂದರೆ ಒಂದೇ ದೇಶ, ಒಂದೇ ಕಾಯಿದೆ. ಒಂದು ಊರಿನಲ್ಲಿ ಹೆಣ್ಣು ವ್ಯಕ್ತಿ, ಇನ್ನೊಂದು ಊರಿನಲ್ಲಿ ಅಲ್ಲ.

ಅಷ್ಟರಲ್ಲಿ ಗೌರ್ ಕೇಂದ್ರ ಶಾಸನಸಭೆಯಲ್ಲಿದ್ದರು. ಈ ತಡೆ ತೆಗೆಯಬೇಕೆಂದು ಸಭೆಯಲ್ಲಿ ಗೊತ್ತುವಳಿ ತಂದವರು ಅವರೇ. 1923ರಲ್ಲಿ ಕಾಯಿದೆ ಬಂತು, ಹೆಣ್ಣು ಎಂಬ ಕಾರಣಕ್ಕೆ ಯಾರನ್ನೂ ವಕೀಲಿಯಿಂದ ಹೊರಗಿಡುವಂತಿಲ್ಲ ಎಂದು. ಅದೇ ವರ್ಷ ಜಾತಿ ಮೀರಿದ ಮದುವೆಗೆ ಧರ್ಮ ಬಿಡಬೇಕಾಗಿಲ್ಲ ಎಂಬ ತಿದ್ದುಪಡಿಯನ್ನೂ ಅವರು ತಂದರು. ಅಂತರ್ಜಾತಿ ಮದುವೆಯಾದ ನನ್ನಂಥವರು ಅವರಿಗೆ ಎರಡು ನಮಸ್ಕಾರ ಹಾಕಬೇಕು.

1961ರ ಅಡ್ವೊಕೇಟ್ಸ್ ಆ್ಯಕ್ಟ್ ಹಳೆಯ ಮೆಟ್ಟಿಲುಗಳನ್ನು ಕಿತ್ತು ಎರಡೇ ಉಳಿಸಿತು: ಸೀನಿಯರ್ ಅಡ್ವೊಕೇಟ್, ಉಳಿದವರು. ಸಾಮರ್ಥ್ಯ, ವಕೀಲರ ನಡುವಿನ ಸ್ಥಾನಮಾನ ಅಥವಾ ಕಾನೂನಿನ ವಿಶೇಷ ಅನುಭವ ನೋಡಿ ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟ್ ಈ ಪದವಿ ಕೊಡುತ್ತದೆ, ವಕೀಲರ ಒಪ್ಪಿಗೆ ಬೇಕು. ಸಿಕ್ಕಿದ ಮೇಲೆ ಗೌನು ಬೇರೆ, ಕಟ್ಟುಪಾಡೂ ಬೇರೆ. ಕಕ್ಷಿದಾರರಿಂದ ನೇರ ಕೇಸು ಹಿಡಿಯುವಂತಿಲ್ಲ, ವಕಾಲತ್ತು ಹಾಕುವಂತಿಲ್ಲ, ಜೊತೆಗೆ ಇನ್ನೊಬ್ಬ ವಕೀಲರಿರಬೇಕು. ಸುಪ್ರೀಂ ಕೋರ್ಟ್ ಹೀಗೆ ಗೌರವಿಸಿದ ಮೊದಲ ಮಹಿಳೆ ಲೀಲಾ ಸೇಠ್, 1977ರಲ್ಲಿ. ಗೌರ್ ಬಾಗಿಲು ತೆರೆಸಿ 54 ವರ್ಷ ಆಗಿತ್ತು.

ಯಾರನ್ನು, ಹೇಗೆ ಆರಿಸುತ್ತಾರೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಇಂದಿರಾ ಜೈಸಿಂಗ್ ಕೋರ್ಟಿಗೆ ಹೋದ ಮೇಲೆ 2017ರಲ್ಲಿ ಅಂಕ ಹಾಕುವ ಪದ್ಧತಿ ಬಂತು. 2025ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಕೈಬಿಟ್ಟು ಹೊಸ ನಿಯಮ ಮಾಡಿಕೊಳ್ಳಲು ಹೈಕೋರ್ಟುಗಳಿಗೆ ಹೇಳಿತು. ಅರ್ಜಿ ಹಾಕುವ ರೂಢಿ ಮಾತ್ರ ಉಳಿದಿದೆ. ಕಾಕುವಿಗೆ ಅಡ್ಡಬಂದದ್ದು ಅದೇ. ನಾನೇನೂ ಕಡಿಮೆಯಿಲ್ಲ, ಪ್ರತಿ ವರ್ಷ ಸೆಲ್ಫ್ ಅಪ್ರೈಸಲ್‌ನಲ್ಲಿ ನನ್ನ ಕೆಲಸಕ್ಕೆ ಟೀಮ್‌ನ ಹೆಸರು ಬರೆದು ಎದ್ದು ಬರುವವಳು.

ಗೌರ್ ದೆಹಲಿ ವಿಶ್ವವಿದ್ಯಾಲಯದ ಮೊದಲ ಕುಲಪತಿ, ಆಮೇಲೆ ನಾಗಪುರದ್ದಕ್ಕೂ ಆದರು. ಸರ್ ಪದವಿ ಬಂತು, ಸಂವಿಧಾನ ಸಭೆಯಲ್ಲಿ ಕೂತರು. ವಕೀಲಿಯಲ್ಲಿ ದುಡಿದ ಹಣವನ್ನು ಹುಟ್ಟೂರಿಗೆ ಸುರಿದು 1946ರಲ್ಲಿ ಸಾಗರದಲ್ಲಿ ವಿಶ್ವವಿದ್ಯಾಲಯ ಕಟ್ಟಿದರು. ತೀರಿಕೊಂಡದ್ದು 1949ರ ಡಿಸೆಂಬರ್ 25ರಂದು.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಕಾಕು ಸುಮ್ಮನೆ ಕೇಳಿದರು. ಎರಡು ವಾರ ಬಿಟ್ಟು ಅವರೇ ಫೋನ್ ಮಾಡಿ, ತಾವು ವಾದಿಸಿದ ತೀರ್ಪುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಹಾಕಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಇವತ್ತಿಗೆ 41 ಸಾಲು ತುಂಬಿದೆ.