ಜೆಟ್ ಎಂಜಿನಿನ ಜನಕ ಫ್ರಾಂಕ್ ವಿಟ್ಲ್

ಗಾಳಿ ತುಂಬಿದ ಬುಗ್ಗೆಯ ಬಾಯಿ ಬಿಟ್ಟರೆ ಗಾಳಿ ಹಿಂದಕ್ಕೆ ನುಗ್ಗುತ್ತದೆ, ಬುಗ್ಗೆ ಮುಂದಕ್ಕೆ ಹಾರುತ್ತದೆ. ಜೆಟ್ ವಿಮಾನ ಹಾರುವುದೂ ಇದೇ ತತ್ತ್ವದಿಂದ. ಇದನ್ನು ಎಂಜಿನಿಗೆ ಅಳವಡಿಸಲು ಶ್ರಮಿಸಿದವರಲ್ಲಿ ಇಂಗ್ಲೆಂಡಿನ ಸರ್ ಫ್ರಾಂಕ್ ವಿಟ್ಲ್ ಪ್ರಮುಖರು.

ವಿಟ್ಲ್ 1907ನೆಯ ಇಸವಿ ಜೂನ್ 1ರಂದು ಕವೆಂಟ್ರಿ ನಗರದಲ್ಲಿ ಜನಿಸಿದರು. ತಂದೆ ಚಿಕ್ಕ ಕಾರ್ಖಾನೆಯೊಂದನ್ನು ನಡೆಸುತ್ತಿದ್ದರು. ಬಾಲಕನಿಗೆ ಯಂತ್ರಗಳ ಪರಿಚಯವಾದದ್ದು ಅಲ್ಲಿಯೇ. ವಾಯುಸೇನೆ ಸೇರಲು ಹೋದಾಗ ಕುಳ್ಳನೆಂದು ತಿರಸ್ಕರಿಸಿದರು. ವ್ಯಾಯಾಮ ಮಾಡಿ ಮೂರು ಅಂಗುಲ ಬೆಳೆದು ಹೋದರೂ ಸೇರಿಸಿಕೊಳ್ಳಲಿಲ್ಲ. ಛಲ ಬಿಡದೆ ಮೂರನೆಯ ಸಲ ಪ್ರಯತ್ನಿಸಿ 1923ರಲ್ಲಿ ಸೇರಿದರು. ಮುಂದೆ ನಿಪುಣ ವಿಮಾನ ಚಾಲಕರಾದರು.

1930ರಲ್ಲಿ ಅವರು ತಮ್ಮ ಜೆಟ್ ಎಂಜಿನಿನ ಕಲ್ಪನೆಗೆ ಪೇಟೆಂಟ್ ಹಕ್ಕು ಕೋರಿದರು. ಸರ್ಕಾರಕ್ಕೆ ಅದರಲ್ಲಿ ನಂಬಿಕೆ ಹುಟ್ಟಲಿಲ್ಲ. 1935ರಲ್ಲಿ ಹಕ್ಕನ್ನು ಮುಂದುವರಿಸಲು ಬೇಕಾದ ಐದು ಪೌಂಡು ಕಟ್ಟಲಾಗದೆ ಅದು ರದ್ದಾಯಿತು. ಗೆಳೆಯರ ನೆರವಿನಿಂದ 1936ರಲ್ಲಿ ಪವರ್ ಜೆಟ್ಸ್ ಕಂಪನಿ ಹುಟ್ಟಿತು.

1937ರ ಏಪ್ರಿಲ್ 12ರಂದು ಎಂಜಿನಿನ ಮೊದಲ ಪರೀಕ್ಷೆ. ಚಾಲನೆಯಾದ ಎಂಜಿನು ಇಂಧನದ ಕೀಲಿಯನ್ನು ಮುಚ್ಚಿದರೂ ನಿಲ್ಲದೆ ಇನ್ನೂ ವೇಗವಾಗಿ ತಿರುಗತೊಡಗಿತು! ಜೊತೆಗಿದ್ದವರು ಓಡಿದರು; ವಿಟ್ಲ್ ಮಾತ್ರ ನಿಂತಲ್ಲಿಯೇ ಇದ್ದರು. ಆದವಾನಿಯ ಹತ್ತಿ ಗಿರಣಿಗಳಲ್ಲಿ ದುಡಿದ ಹಿರಿಯರಿಗೆ, ನಿಲ್ಲಿಸಿದರೂ ನಿಲ್ಲದ ಯಂತ್ರದ ಭಯವೇನೆಂದು ಹೇಳಬೇಕಾಗಿಲ್ಲ. ಒಳಗೆ ಸೋರಿ ನಿಂತಿದ್ದ ಇಂಧನವೇ ಕಾರಣವೆಂದು ತಿಳಿದ ಮೇಲೆ, ಅದು ಹರಿದು ಹೋಗಲು ಒಂದು ದಾರಿ ಮಾಡಿದರು. ತಪ್ಪು ಮರುಕಳಿಸದಂತೆ ಯಂತ್ರದಲ್ಲಿಯೇ ಕಾವಲಿಡುವ ರೀತಿ ಇದು.

1939ರಲ್ಲಿಯೇ ಜರ್ಮನಿಯ ಫಾನ್ ಓಹೈನ್ ಎಂಬವರ ಜೆಟ್ ವಿಮಾನ ಹಾರಿತ್ತು. ವಿಟ್ಲರ ಎಂಜಿನು ಹೊತ್ತ ವಿಮಾನ 1941ರ ಮೇ 15ರಂದು ಹಾರಿತು. 1948ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು.

ಜೆಟ್ ಎಂಜಿನು ವೇಗ ಕೊಟ್ಟಿತು. ಆ ವೇಗವನ್ನು ತಡೆಯುವ ಉಪಾಯವೂ ಬೇಕಾಯಿತು. ವಿಮಾನ ನೆಲ ಮುಟ್ಟಿದೊಡನೆ ಎಂಜಿನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿದರೆ ಓಟ ತಗ್ಗುತ್ತದೆ. ಈ ಸಾಧನವೇ ಥ್ರಸ್ಟ್ ರಿವರ್ಸರ್. ಇದು ಆಕಾಶದಲ್ಲಿ ತೆರೆದುಕೊಂಡರೆ ಅನರ್ಥ. ಆದ್ದರಿಂದ ಇದಕ್ಕೆ ಬೀಗಗಳುಂಟು. ವಿಮಾನ ನೆಲದ ಮೇಲಿದ್ದಾಗ, ಇಲ್ಲವೇ ನೆಲಕ್ಕೆ ತೀರ ಸಮೀಪವಿದ್ದಾಗ ಮಾತ್ರ ಇದು ತೆರೆಯುತ್ತದೆ. ಬೀಗ ಸಡಿಲಿದರೆ ಚಾಲಕರ ಮುಂದೆ ದೀಪ ಹೊತ್ತುತ್ತದೆ. 1991ರ ಮೇ 26ರಂದು ಬ್ಯಾಂಕಾಕಿನಿಂದ ಹೊರಟ ಲೌಡಾ ಏರ್ ವಿಮಾನದಲ್ಲಿ ಎಚ್ಚರಿಕೆಯ ದೀಪ ಹೊತ್ತಿತು. ಸ್ವಲ್ಪ ಹೊತ್ತಿನಲ್ಲಿ ಒಂದು ರಿವರ್ಸರ್ ಆಕಾಶದಲ್ಲಿಯೇ ತೆರೆದುಕೊಂಡು 223 ಜನ ಮಡಿದರು. ಬಳಿಕ ಇನ್ನೊಂದು ಬೀಗವನ್ನು ಸೇರಿಸಿದರು.

ಬೀಗ, ದೀಪಗಳಿದ್ದರೂ ಮನುಷ್ಯನ ವಿವೇಕ ಬೇಕೇ ಬೇಕು. ರಿವರ್ಸರ್ ತೆರೆದ ಮೇಲೆ ವಿಮಾನವನ್ನು ನಿಲ್ಲಿಸಲೇಬೇಕು, ಮತ್ತೆ ಏರಿಸಬಾರದು ಎಂಬುದು ನಿಯಮ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಹಳ ಮುಂದೆ ಹೋಗಿ ನೆಲ ಮುಟ್ಟಿತು. ರಿವರ್ಸರ್ ತೆರೆದ ಮೇಲೂ ಮತ್ತೆ ಏರುವ ಪ್ರಯತ್ನ ನಡೆಯಿತು. ವಿಮಾನ ಕಣಿವೆಗೆ ಉರುಳಿ 158 ಜನ ಅಸುನೀಗಿದರು. ಉಳಿದವರು ಎಂಟೇ ಮಂದಿ.

ವಿಟ್ಲ್ 1996ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ನಿಧನರಾದರು. ವಿದ್ಯಾರ್ಥಿಗಳೇ, ಅವರ ಛಲವನ್ನು ಮೆಚ್ಚೋಣ. ಅದರೊಡನೆ, ಹೆದರಿಸಿದ ಯಂತ್ರದ ಬಳಿಗೆ ಮರಳಿ ಹೋಗಿ ಕಾರಣ ಹುಡುಕಿದ ಅವರ ತಾಳ್ಮೆಯನ್ನೂ ಕಲಿಯೋಣ.