ಮಾತಿಲ್ಲದ ಕಾಲದಿಂದ ಬಂದ ನಿರ್ದೇಶಕ: ವೈ.ವಿ. ರಾವ್

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಅಂತ ಕ್ವಿಜ್‌ನಲ್ಲಿ ನಾವೆಲ್ಲ ಥಟ್ಟಂತ ಹೇಳ್ತೀವಿ. ನಿರ್ದೇಶಕರು ಯಾರು ಅಂದರೆ ಮಾತ್ರ ಸುಮ್ಮನಾಗ್ತೀವಿ. ಅವರೇ ಯರಗುಡಿಪಾಟಿ ವರದರಾವ್, ಅಂದರೆ ವೈ.ವಿ. ರಾವ್.

1903ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ರಾವ್, ನಾಟಕದಿಂದ ಮೂಕಿಚಿತ್ರಕ್ಕೆ ನಟರಾಗಿ ಬಂದು ನಿರ್ದೇಶಕರಾದರು. ಮೂಕಿಯಲ್ಲಿ ಇಡೀ ಕಥೆಯನ್ನು ಮುಖಭಾವ, ಕೈಸನ್ನೆ ಮತ್ತು ನಡುನಡುವೆ ಬರುವ ಬರಹದಿಂದಲೇ ಹೇಳಬೇಕಿತ್ತು. ಭಾಷೆಯ ಹಂಗಿರಲಿಲ್ಲ. ಹಾಗಾಗಿ ನೆಲ್ಲೂರಿನ ರಾವ್ ನಮ್ಮ ಗುಬ್ಬಿ ವೀರಣ್ಣನವರಿಗೆ 'ಹರಿಮಾಯಾ' (1932) ಮಾಡಿಕೊಟ್ಟರು.

ಅಷ್ಟರಲ್ಲಿ, 1931ರಲ್ಲೇ, 'ಆಲಂ ಆರಾ' ಬಂದು ಪರದೆ ಮಾತಾಡೋಕೆ ಶುರು ಮಾಡಿತ್ತು. ಮೂಕಿ ಕಾಲದ ಎಷ್ಟೋ ಜನ ಅಲ್ಲೇ ಹಿಂದೆ ಉಳಿದರು. ರಾವ್ ಹೊಸ ವಿದ್ಯೆ ಕಲಿತರು. ಬೆಂಗಳೂರಿನಲ್ಲಿ ಸೌಂಡ್ ಸ್ಟುಡಿಯೋ ಇಲ್ಲದ್ದರಿಂದ ಕೊಲ್ಹಾಪುರದಲ್ಲಿ ಚಿತ್ರೀಕರಣ ನಡೆಯಿತು. ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾವ್ ರಾವಣ, ತ್ರಿಪುರಾಂಬ ಸುಲೋಚನ, ಲಕ್ಷ್ಮಣನಾಗಿ ಸ್ವತಃ ರಾವ್. ಚಿತ್ರ 1934ರ ಮಾರ್ಚ್ 3ರಂದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ ತೆರೆ ಕಂಡಿತು. 1937ರಲ್ಲಿ ಅವರ ತಮಿಳು 'ಚಿಂತಾಮಣಿ' ವರ್ಷಕ್ಕೂ ಹೆಚ್ಚು ಓಡಿತು. ನಟಿ ಲಕ್ಷ್ಮಿ ಇವರ ಮಗಳು. ರಾವ್ 1973ರಲ್ಲಿ ತೀರಿಕೊಂಡರು.

'ಸತಿ ಸುಲೋಚನ'ದ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ತಾನಾಗೇ ಹಾಳಾಗುತ್ತೆ, ಬೇಗ ಬೆಂಕಿ ಹಿಡಿಯುತ್ತೆ. ಎಷ್ಟೋ ಹಳೇ ರೀಲುಗಳಿಂದ ಬೆಳ್ಳಿ ತೆಗೆದು ಮಾರಿದ್ದೂ ಉಂಟು. ನಾವು ಫೆಸ್ಟ್‌ಗೆ ತೆಗೆದ ಶಾರ್ಟ್ ಫಿಲ್ಮ್‌ಗಳು ಈಗ ಯಾರ ಪೆನ್‌ಡ್ರೈವ್‌ನಲ್ಲಿವೆ? ಇವತ್ತೇ ಹುಡುಕಿ ಇನ್ನೊಂದು ಕಾಪಿ ಇಡೋಣ.